ಗೋಡೆಯ ಮೇಲಿನ ನೀಲಾ

"ಕೈ ತೆಗೀರಿ! ಆ ಹೆಸರಿಗೆ ಬ್ರಶ್ ಮುಟ್ಟಿಸಿದ್ರ ನೋಡ್ರಿ ಮತ್ತ!"

ಏಣಿಯ ಮೇಲೆ ನಿಂತಿದ್ದವನು ಬೆಚ್ಚಿ ಗೋಡೆ ಹಿಡಿದುಕೊಂಡ. ಕೆಳಗೆ ನೋಡಿದರೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈಯಲ್ಲಿ ಸೋಡಾ ಬಾಟ್ಲಿ ಹಿಡಿದು ನಿಂತಿದ್ದಾಳೆ ಒಬ್ಬಳು. ಕಣ್ಣಲ್ಲಿ ಬೆಂಕಿ!

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನಮ್ದೇನೈತ್ರಿ ಇದರಾಗ? ಮ್ಯಾಲಿಂದ ಬಂದ ರೂಲ್ಸು..."

"ಯಾವ ಮ್ಯಾಲಿಂದ? ದೇವರ ಕಡಿಂದೇನು?"

"ಸ್ಪಾನ್ಸರ್ ಕಡಿಂದ್ರಿ. ಈಗ ಒಂದ ವಾರ ಅವ್ರೇ ದೇವ್ರು."

ನಗಿಸಬೇಕೆಂದು ಹೇಳಿದ ಮಾತು. ಅವಳು ನಗಲಿಲ್ಲ. ನೀಲಾ ನಕ್ಕು ಮೂರು ವರ್ಷವಾಗಿತ್ತು, ಪಾಪ ಅವನಿಗೇನು ಗೊತ್ತು!

ಶಿಗ್ಗಾಂವದ ಮೈದಾನಕ್ಕೆ ಆ ಸಲ ಅಖಿಲ ಭಾರತ ಕಬಡ್ಡಿ ಬಂದಿತ್ತು. ಟಿವಿಯವರ ಲಾರಿ, ದೊಡ್ಡ ದೀಪ, ಹರಿಯಾಣ, ಪಂಜಾಬಿನ ಕಂಬದಂಥ ಹುಡುಗರು! ಊರಿಗೆ ಊರೇ ಹಿಗ್ಗಿತ್ತು. ಆದರೆ ಆಟದ ಜೊತೆ ಒಂದು ವಿಚಿತ್ರ ಕಾನೂನೂ ಬಂತು ನೋಡಿ. ದುಡ್ಡು ಹಾಕಿದ್ದು ಒಂದು ತಂಪು ಪಾನೀಯದ ಕಂಪನಿ. ಕ್ಯಾಮೆರಾದ ಕಣ್ಣು ಬೀಳುವ ಕಡೆಯಲ್ಲೆಲ್ಲ ಅವರ ಹೆಸರು ಬಿಟ್ಟು ಇನ್ನೊಂದು ಹೆಸರು ಕಾಣಕೂಡದಂತೆ! ಫ್ಯಾನಿನ ಹೆಸರಿಗೆ ಟೇಪು, ಕುರ್ಚಿಯ ಹೆಸರಿಗೆ ಟೇಪು. ಹುಲಗೂರಿನಿಂದ ಆಟ ನೋಡಲು ಬಂದ ಅಜ್ಜನ ಕೈಚೀಲದ ಮೇಲೆ ಗೊಬ್ಬರದ ಕಂಪನಿಯ ಹೆಸರಿತ್ತು. ಅದನ್ನು ಒಳಹೊರಗು ಮಾಡಿಸಿ ಆಮೇಲೆ ಬಿಟ್ಟರು. ಅಜ್ಜನ ಬುತ್ತಿ ಬೀದಿಪಾಲು!

ಇದನ್ನೆಲ್ಲ ಮಾಡಿಸಲು ಒಂದು ಏಜೆನ್ಸಿ. ಅದರ ಸೂಪರ್‌ವೈಸರ್ ಈ ಏಣಿಯ ಮೇಲಿನವನು, ಮೈಲಾರಲಿಂಗ. ಹಿರೇಕೆರೂರಿನ ಕಡೆಯವನು. ಎಲ್ಲರೂ ಕರೆಯುವುದು ಮೈಲಾರಿ ಎಂದು.

ಮೈದಾನದ ಗೇಟಿಗೆ ಸರಿಯಾಗಿ ಎದುರಿಗಿತ್ತು ನೀಲಾಳ ಸೋಡಾ ಅಂಗಡಿ. ಅದರ ಪಕ್ಕದ ಗೋಡೆ ತುಂಬ ನೀಲಿ ಬಣ್ಣದಲ್ಲಿ 'ನೀಲಾ ಸೋಡಾ'. 'ನೀಲಾ' ಎಂಬುದು ಆಳೆತ್ತರ. 'ಸೋಡಾ' ಮಾತ್ರ ಮೂಲೆಯಲ್ಲಿ ಮುದುರಿಕೊಂಡಿತ್ತು.

"ಇದನ್ನ ಯಾರ್ ಬರದದ್ರಿ?" ಮೈಲಾರಿ ಏಣಿ ಇಳಿದು ಕೇಳಿದ.

"ನನ್ನ ಗಂಡ."

"ಕರೀರಿ ಅವರನ್ನ. ನಾ ಮಾತಾಡ್ತೇನಿ."

ನೀಲಾ ಗೋಡೆ ನೋಡಿದಳು. "ಹೆಂಗ ಕರೀಲಿ? ಈಗ ಅವರು ಈ ಗ್ವಾಡಿ ಮ್ಯಾಲೆ ಅಷ್ಟ ಉಳದಾರ."

ಮೈಲಾರಿ ಕೈಯಲ್ಲಿದ್ದ ಬ್ರಶ್ ಕೆಳಗಿಟ್ಟ. ಅವಳು ತನ್ನಷ್ಟಕ್ಕೇ ಎಂಬಂತೆ ಹೇಳುತ್ತಲೇ ಹೋದಳು.

"ಮದುವಿ ಆದ ವಾರಕ್ಕ ಬರದ್ರು. ಸೋಡಾಕ್ಕ ಜಾಗಾನ ಉಳೀಲಿಲ್ಲ. ಯಾಕ್ರಿ ಹಿಂಗ ಮಾಡಿದ್ರಿ ಅಂದ್ರ, ನಿನ್ನ ಹೆಸರು ಬರ್ಯಾಕ ಕುಂತ್ರ ಕೈ ನಿಲ್ಲಲಿಲ್ಲ ಅಂದ್ರು..."

ಗಂಡ ಕುಬೇರ ಅಂಥವನೇ. ಒಂದು ಮುಂಜಾನೆ ಸೋಡಾಕ್ಕೆ ಬೇಕಾದ ಗ್ಯಾಸ್ ಸಿಲಿಂಡರ್ ತರಲು ಸವಣೂರಿಗೆ ಹೋದವನು ಬಂಕಾಪುರದ ಹತ್ತಿರ ಲಾರಿಗೆ ಸಿಕ್ಕು ಹೋಗಿಬಿಟ್ಟ. ಅವನದೊಂದು ಒಳ್ಳೆಯ ಫೋಟೋ ಕೂಡ ಮನೆಯಲ್ಲಿರಲಿಲ್ಲ. ಇದ್ದದ್ದು ಈ ಅಕ್ಷರ ಮಾತ್ರ.

ಒಳಗಿನಿಂದ ಅತ್ತೆ ಮುದಕವ್ವ ಬಂದಳು. ಮಗ ಹೋದ ಮೇಲೆ ಮಾತು ಕಡಿಮೆ ಮಾಡಿದ ಜೀವ. "ಮುಚ್ಚದಿದ್ರ ಏನ್ ಮಾಡ್ತಾರ ತಮ್ಮಾ?"

"ಆಟ ಮುಗಿಯೂಮಟಾ ಅಂಗಡಿ ಬಂದ್ ಮಾಡಸ್ತಾರವ್ವಾ. ಆಮ್ಯಾಲೆ ಬ್ಯಾರೆ ಯಾರರ ಬಂದು ಬಣ್ಣ ಬಳೀತಾರ."

"ಹಂಗಾರ ನೀನ ಮುಚ್ಚು," ಎಂದು ಮುದಕವ್ವ ಒಳಗೆ ಹೋದಳು.

ಅತ್ತೆಯೇ ಒಪ್ಪಿದ ಮೇಲೆ ಸೊಸೆಗೆ ಇನ್ನೇನು ಮಾತು? ಏಜೆನ್ಸಿಯ ಜೀಪಿನಲ್ಲಿ ಆಯಿಲ್ ಪೇಂಟಿನ ಡಬ್ಬಿಗಳಿದ್ದುದನ್ನು ನೀಲಾ ನೋಡಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹೊಟ್ಟೆ ತುಂಬ ಅತ್ತಳು. ಸಂಜೆ ಹೊರಗೆ ಬಂದಾಗ ಗೋಡೆ ಬೆಳ್ಳಗೆ, ಬೋಳಾಗಿ ನಿಂತಿತ್ತು. ಹತ್ತಿರ ಹೋಗಲು ಅವಳಿಗೆ ಕಾಲೇ ಬರಲಿಲ್ಲ.

*

ಮಾರನೇ ದಿನ ಬೆಳಕು ಹರಿಯುವಾಗ ಅಂಗಡಿಯ ಕದ ತೆಗೆದ ನೀಲಾ ನಿಂತಲ್ಲೇ ಕಲ್ಲಾದಳು.

ಬಿಳಿ ಗೋಡೆಯೊಳಗಿಂದ ಅಕ್ಷರ ಎದ್ದಿದ್ದವು! ಮಸುಕು ನೀಲಿ... 'ನೀ' ಇದೆ... 'ಲಾ' ಇದೆ...

"ಅತ್ತೀ!"

ಮುದಕವ್ವ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ತಲೆ ಎತ್ತಲಿಲ್ಲ. "ಏನವ್ವಾ?"

"ಏನಿಲ್ರಿ..."

ಬಿಸಿಲೇರಿತು. ಅಕ್ಷರ ಒಂದೊಂದಾಗಿ ಹಿಂದೆ ಸರಿದು ಮಾಯವಾದವು. ನೀಲಾ ಕಟ್ಟೆಯ ಮೇಲೆ ಕುಳಿತು ಕಣ್ಣುಜ್ಜಿಕೊಂಡಳು. 'ಕನಸಾ? ನನಗೇ ಹುಚ್ಚು ಹಿಡಿಯಿತಾ?'

ಮಧ್ಯಾಹ್ನ ಮೈಲಾರಿ ಬಂದ. ಮೈಮೇಲೆ ಸ್ಪಾನ್ಸರ್ ಹೆಸರಿನ ಕೆಂಪು ಅಂಗಿ. ಆಚೆ ಈಚೆ ನೋಡಿ, ಗೋಡೆಯ ಮರೆಗೆ ಹೋಗಿ, ಅಂಗಿ ಬಿಚ್ಚಿ ತಿರುವಿ ಹಾಕಿಕೊಂಡು ಬಂದು ನಿಂತ! ಹೊಲಿಗೆಯೆಲ್ಲ ಹೊರಗೆ, ಕಾಲರ್ ಒಳಗೆ.

"ಒಂದ್ ಲಿಂಬು ಸೋಡಾ ಕೊಡ್ರಿ."

"ಇದೇನ್ ಅವತಾರ್ರೀ?"

"ಕಂಪನಿ ಅಂಗಿ ಹಾಕ್ಕೊಂಡು ಬ್ಯಾರೆ ಸೋಡಾ ಕುಡದದ್ದು ಕಂಡ್ರ ನೌಕರಿ ಹೋಗ್ತೈತ್ರಿ. ಅವರದು ಕುಡೂನು ಅಂದ್ರ ಬರೇ ಸಕ್ಕರಿ ನೀರು. ಗಂಟಲಾ ಅಂಟಾಕತ್ತೈತಿ!"

ನೀಲಾಳಿಗೆ ತಡೆಯಲಾಗಲಿಲ್ಲ. ನಗು ಬಂದೇಬಿಟ್ಟಿತು. ತನ್ನ ನಗು ತನಗೇ ಹೊಸದಾಗಿ ಕೇಳಿ ಗಾಬರಿಯಿಂದ ಬಾಯಿಗೆ ಸೆರಗು ಒತ್ತಿಕೊಂಡಳು. ಮೈಲಾರಿ ಕುಡಿಯುವುದನ್ನೇ ಮರೆತು ಅವಳನ್ನು ನೋಡುತ್ತಿದ್ದ. ಆ ದಿನದಿಂದ ಅವನು 'ಅಕ್ಕಾರ' ಎನ್ನುವುದನ್ನು ಬಿಟ್ಟ. ಹೆಂಗಸರಿಗೆ ಇಂಥದೆಲ್ಲ ತಕ್ಷಣ ತಿಳಿಯುತ್ತದೆ. ನೀಲಾಳಿಗೂ ತಿಳಿಯಿತು.

ಮರುದಿನ ಬೆಳಗ್ಗೆ ಗೋಡೆಯಲ್ಲಿ ಹೆಸರು ಮೊದಲಿಗಿಂತ ದಟ್ಟವಾಗಿ ಎದ್ದಿತ್ತು.

'ನಾನು ನಕ್ಕಿದ್ದಕ್ಕಾ? ನನ್ನ ಬಿಟ್ಟು ನಗುತ್ತೀಯಾ ನೀಲಾ ಎಂದು ಕೇಳಲು ಬಂದರಾ?'

ದಿನಾ ಇದೇ ಕಥೆ! ಮಧ್ಯಾಹ್ನ ಒಬ್ಬನು ಅಂಗಿ ತಿರುವಿ ಹಾಕಿಕೊಂಡು ಬರುತ್ತಾನೆ, ಹಿರೇಕೆರೂರಿನ ಸುದ್ದಿ ಹೇಳುತ್ತಾನೆ, ಕ್ರೇಟು ಎತ್ತಿ ಒಳಗಿಡುತ್ತಾನೆ. ಮುಂಜಾನೆ ಇನ್ನೊಬ್ಬನು ಬಿಳಿ ಗೋಡೆ ಸೀಳಿಕೊಂಡು ಬರುತ್ತಾನೆ. ನಡುವೆ ಈ ಹೆಣ್ಣು ನಿದ್ದೆಗೆಟ್ಟು ಸೊರಗಿತು. ಹಾಸಿಗೆಯಲ್ಲಿ ಹೊರಳಿದರೆ ಬಣ್ಣದ ವಾಸನೆ. ಕಣ್ಣು ಮುಚ್ಚಿದರೆ ಕುಬೇರನ ನೀಲಿ ಅಂಟಿದ ಬೆರಳು.

ಫೈನಲ್ಲಿಗೆ ಇನ್ನೊಂದು ದಿನ ಇದ್ದಾಗ ಮೈಲಾರಿ ಬಾಟ್ಲಿ ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಅಂದ.

"ನಾಡದು ನಾವೆಲ್ಲಾ ಮುಂದಿನ ಊರಿಗೆ ಹೋಗ್ಬೇಕು. ಆದ್ರ ನನಗ ಹೋಗಾಕ ಮನಸಿಲ್ರಿ. ಯಾಕ ಅಂತ ನಿಮಗ ಗೊತ್ತೈತಿ..."

"ಬ್ಯಾಡ್ರಿ!" ನೀಲಾ ತಡೆದಳು. "ಮುಂದ ಮಾತಾಡಬ್ಯಾಡ್ರಿ. ನೀವ ಅವರನ್ನ ಅಳಿಸಿದ್ರಿ. ಅವರು ಹೋಗವಲ್ರು! ದಿನಾ ಮುಂಜಾನೆ ಆ ಗ್ವಾಡಿಯೊಳಗಿಂದ ಎದ್ದು ನನ್ನ ನೋಡ್ತಾರ!"

ಮೈಲಾರಿಯ ಮುಖ ಬಿಳಿಚಿಕೊಂಡಿತು. "ಹೆಸರ ಕಾಣಾಕತ್ತೈತಾ? ಬ್ಯಾರೆ ಯಾರರ ನೋಡ್ಯಾರಾ?"

ಇದನ್ನೇ ಕೇಳಬೇಕೇ ಇವನು, ಈ ಹೊತ್ತಲ್ಲಿ!

'ನಾನು ಜೀವ ಹಿಡಿದುಕೊಂಡು ಹೇಳುತ್ತಿದ್ದೇನೆ... ಇವನಿಗೆ ತನ್ನ ನೌಕರಿಯ ಚಿಂತೆ!'

"ಹೋಗ್ರಿ," ಎಂದಳು. "ನಿಮ್ಮ ಕಂಪನಿ, ನಿಮ್ಮ ರೂಲ್ಸು. ಇನ್ನ ಈ ಕಟ್ಟಿ ಹತ್ತಬ್ಯಾಡ್ರಿ."

ಅವನು ಏನೋ ಹೇಳಲು ಹೊರಟ. ಅವಳು ಬೆನ್ನು ತಿರುಗಿಸಿದಳು. ಅರ್ಧ ಕುಡಿದ ಬಾಟ್ಲಿ ಕಟ್ಟೆಯ ಮೇಲೆ ಹಾಗೇ ಉಳಿಯಿತು.

*

ಫೈನಲ್ ದಿನ. ಬೆಳಗಾಗುತ್ತಲೇ ಹೊರಗೆ ಗದ್ದಲ! ನೀಲಾ ಓಡಿ ಬಂದಳು.

ಜೀಪು ನಿಂತಿದೆ. ಏಜೆನ್ಸಿಯ ದೊಡ್ಡ ಸಾಹೇಬ ಗೋಡೆಯ ಕಡೆ ಬೆರಳು ತೋರಿಸಿ ಕೂಗಾಡುತ್ತಿದ್ದಾನೆ. ಅಲ್ಲಿ, ಇಡೀ ಊರಿಗೆ ಕಾಣುವಂತೆ, 'ನೀಲಾ ಸೋಡಾ'! ಎದುರಿಗೆ ಮೈಲಾರಿ ತಲೆ ತಗ್ಗಿಸಿ ನಿಂತಿದ್ದಾನೆ.

"ನಿನಗೆ ಕೊಟ್ಟಿದ್ದು ಆಯಿಲ್ ಪೇಂಟ್ ತಾನೇ? ಎರಡು ಕೋಟ್ ಹೊಡಿ ಅಂತ ಹೇಳಿರಲಿಲ್ವಾ?"

"ಹೇಳಿದ್ರಿ ಸರ್. ನಾ ಹಚ್ಚಲಿಲ್ಲ. ಸುಣ್ಣಾ ಹಚ್ಚೇನಿ."

"ಸುಣ್ಣಾನಾ! ಅದು ಒದ್ದೆ ಆದ್ರೆ ಒಳಗಿಂದೆಲ್ಲ ಕಾಣತ್ತೆ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತೈತ್ರಿ." ಮೈಲಾರಿ ತಲೆ ಎತ್ತಿದ. "ಆಯಿಲ್ ಪೇಂಟ್ ಹಚ್ಚಿದ್ರ ಆ ಹೆಸರ ಹೊಳ್ಳಿ ಬರೂದಿಲ್ರಿ ಸರ್. ಸುಣ್ಣಾ ಅಂದ್ರ ತೊಳದ್ರ ಹೋಗ್ತೈತಿ. ನಮ್ಮ ಆಟ ಒಂದ ವಾರ. ಅದಕ್ಕಂತ ಸತ್ತವರ ಕೈಬರಹ ಹೆಂಗ ಅಳಸ್ಲಿ?"

ನೀಲಾಳಿಗೆ ಅವನ ಮಾತು ನೆನಪಾಯಿತು. ಯಾರಾದರೂ ನೋಡಿದರಾ ಎಂದು ನಿನ್ನೆ ಅವನು ಕೇಳಿದ್ದು ಇದಕ್ಕಾ? ಯಾರಾದರೂ ನೋಡಿದರೆ ಆಯಿಲ್ ಪೇಂಟ್ ಬೀಳುತ್ತದೆ ಅಂತಾ? ಅಯ್ಯೋ...

"ಅಂಗಿ ಬಿಚ್ಚಿ ಕೊಡು, ನಡಿ! ನಿನ್ನ ಕೆಲಸ ಮುಗೀತು," ಎಂದ ಸಾಹೇಬ. "ಏಯ್, ಪೇಂಟ್ ಡಬ್ಬಿ ತಗೀರೋ!"

"ಹಚ್ಚು. ಹಚ್ಚು ನೋಡೂನು."

ಎಲ್ಲರೂ ತಿರುಗಿದರು. ಮುದಕವ್ವ! ಕೈಯಲ್ಲಿ ತುಂಬಿದ ಚರಿಗೆ. ಬಂದವಳೇ ಚರಿಗೆಯ ನೀರನ್ನು ಇನ್ನೊಮ್ಮೆ ಗೋಡೆಗೆ ಎರಚಿದಳು. 'ನೀಲಾ' ಫಳಫಳ ಹೊಳೆಯಿತು.

"ಹಸೀ ಗ್ವಾಡಿಗೆ ನಿಮ್ಮ ಬಣ್ಣ ಹಿಡೀತೈತೇನಪಾ? ನೀ ಒಣಗಿಸು, ನಾ ನೀರ ಹಾಕ್ತೇನಿ. ಸಂಜೀಮಟಾ ಇಲ್ಲೇ ಕುಂದರ್ತೇನಿ. ನನಗೇನ್ ಕೆಲಸೈತಿ?"

"ಅತ್ತೀ..." ನೀಲಾ ಹತ್ತಿರ ಬಂದಳು. "ದಿನಾ... ನೀವ?"

"ಬಾಗಲಕ್ಕ ನೀರ ಹಾಕಿ ಉಳದ ಒಂದ್ ಚರಿಗಿ ನೀರ ಅವಗ. ಅಂವ ಹೋದಾಗಿಂದ ಹಾಕ್ತೇನವ್ವಾ. ನೀ ಏಳೂದ್ರಾಗ ಮುಗಸ್ತಿದ್ದೆ." ಮುದಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಣ್ಣಾಂವಿದ್ದಾಗ ಮಾರಿ ತೊಳಸ್ತಿದ್ದೆನಲ್ಲ, ಹಂಗ. ಸುಣ್ಣದಾಗಿಂದ ಮಾರಿ ತಗದು ನನ್ನ ನೋಡಿದಂಗಾಗ್ತಿತ್ತು. ನಿನಗ ಹೇಳಿದ್ರ ಅಳತೀ ಅಂತ ಹೇಳಲಿಲ್ಲ."

ಸಾಹೇಬ ಗಡಿಯಾರ ನೋಡಿದ, ಮುದುಕಿಯನ್ನು ನೋಡಿದ, ಮೊಬೈಲ್ ಎತ್ತುತ್ತಿದ್ದ ಜನರನ್ನು ನೋಡಿದ. ಕೊನೆಗೆ ಸ್ಪಾನ್ಸರಿನದೇ ದೊಡ್ಡ ಬಟ್ಟೆ ಬ್ಯಾನರ್ ತರಿಸಿ ಗೋಡೆಗೆ ಕಟ್ಟಿಸಿ, ಬೈಯುತ್ತ ಜೀಪು ಹತ್ತಿದ. ಇಷ್ಟು ಮೊದಲೇ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು ಇವನದು!

ನೀಲಾ ಸುತ್ತ ನೋಡಿದಳು. ಬನಿಯನ್ ಮೇಲೆ ಟವೆಲ್ ಹೊದ್ದು ಮೈಲಾರಿ ಆಗಲೇ ರಸ್ತೆ ದಾಟಿ ಹೋಗಿದ್ದ.

*

ಆ ದಿನವಿಡೀ ಮೈದಾನದಲ್ಲಿ ಸಿಳ್ಳೆ, ಕೇಕೆ. ನೀಲಾ ಯಾವ ಗಿರಾಕಿಗೆ ಏನು ಕೊಟ್ಟಳೋ ಅವಳಿಗೇ ತಿಳಿಯದು. ಸೋಡಾ ಕೇಳಿದವನಿಗೆ ಸರಬತ್ತು ಕೊಟ್ಟಳು.

'ಕುಬೇರ ಸಿಟ್ಟಿಗೆದ್ದು ಬರುತ್ತಿರಲಿಲ್ಲ. ಒಬ್ಬ ತಾಯಿ ಮಗನ ಮುಖ ತೊಳೆಯುತ್ತಿದ್ದಳು. ಒಬ್ಬ ಮನುಷ್ಯ ಆ ಮುಖ ಹಾಳಾಗದ ಹಾಗೆ ಕಾಪಾಡಿದ್ದ. ನಾನು ಅವನನ್ನೇ ಕಟ್ಟೆ ಇಳಿಸಿ ಕಳಿಸಿದೆ...'

ಸಂಜೆ ಆಟ ಮುಗಿಯಿತು, ಬ್ಯಾನರ್ ಬಿಚ್ಚಿದರು, ಜನ ಕರಗಿದರು. ಹಿರೇಕೆರೂರಿನ ಬಸ್ಸು ಹೋಗಿರುತ್ತದೆ, ಅವನೂ ಹೋಗಿರುತ್ತಾನೆ ಎಂದುಕೊಂಡು ಅಂಗಡಿಯ ಕದ ಎಳೆಯುವಾಗ ಪಕ್ಕದಲ್ಲಿ ಪರಪರ ಸದ್ದು.

ನೀಲಾ ಇಣುಕಿದಳು. ಗೋಡೆಯ ಮುಂದೆ ಬಕೆಟ್ಟು. ತನ್ನದೇ ಚೌಕಡಿ ಅಂಗಿ ತೊಟ್ಟ ಮೈಲಾರಿ ತೆಂಗಿನ ನಾರಿನಿಂದ ಸುಣ್ಣ ತಿಕ್ಕುತ್ತಿದ್ದ. 'ನೀ' ಪೂರ್ತಿ ಬಂದಿತ್ತು.

"ಹೋಗ್ಲಿಲ್ಲೇನ್ರಿ?"

"ಮುಚ್ಚಿದಾಂವ ನಾನ. ತಗಿಯೂದೂ ನಾನ. ಇದನ್ನ ಮುಗಿಸಿ ಹೋಗ್ತೇನಿ." ಅವನು ಕೈ ನಿಲ್ಲಿಸಲಿಲ್ಲ. "ಕಟ್ಟಿ ಹತ್ತಿಲ್ಲ ನೋಡ್ರಿ. ಕೆಳಗ ನಿಂತೇನಿ."

ನೀಲಾಳ ಕಣ್ಣು ತುಂಬಿದವು. ಒಳಗೆ ಹೋಗಿ ಲಿಂಬು ಸೋಡಾ ಒಡೆದು ತಂದು ಅವನ ಕೈಗಿಟ್ಟಳು.

"ನನ್ನಿಂದ ನಿಮ್ಮ ನೌಕರಿ ಹೋತು..."

"ಹೋಗ್ಲಿ ಬಿಡ್ರಿ. ಅಂಗಿ ತಿರುವಿ ಹಾಕ್ಕೊಳ್ಳೂ ಕಷ್ಟ ತಪ್ಪಿತು."

ನಗುತ್ತಲೇ ಅಳು ಬಂತು ಅವಳಿಗೆ. "ಮೊದಲ ದಿನಾನ ಯಾಕ ಹೇಳಲಿಲ್ರಿ, ಸುಣ್ಣಾ ಅಂತ?"

"ಹೇಳಿದ್ರ ನೀವು ಋಣ ಅನ್ಕೋತಿದ್ರಿ. ಋಣಕ್ಕಂತ ನೀವು ನನ್ನ ಕೂಡ ನಗೂದು ಬ್ಯಾಡಿತ್ತು."

ಅವಳು ಗೋಡೆಗೆ ಅಂಗೈ ಊರಿ, ತಡೆತಡೆದು ಹೇಳಿದಳು.

"ಈ ಬಣ್ಣ ನನ್ನೊಳಗಿಂದ ಎಂದೂ ಹೋಗೂದಿಲ್ರಿ. ಇದನ್ನ ತಿಳದ ನೀವು..."

"ಹೋಗೂದು ಬ್ಯಾಡ. ನಾ ಅಳಸಾಕ ಬಂದಾಂವಲ್ಲ." ಮೈಲಾರಿ ನಾರು ಕೆಳಗಿಟ್ಟ. "ಇಷ್ಟು ದೊಡ್ಡ ಗ್ವಾಡಿ ಐತಿ. ಬಾಜೂಕ ಒಂದೀಟ ನಿಲ್ಲಾಕ ಜಾಗಾ ಕೊಟ್ರ ಸಾಕು... ನೀಲಾ."

ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಬಗ್ಗಿ ಆ ನಾರು ಎತ್ತಿಕೊಂಡು, ಅವನ ಪಕ್ಕ ನಿಂತು, 'ಲಾ' ಮೇಲಿನ ಸುಣ್ಣ ತಿಕ್ಕತೊಡಗಿದಳು.

"ನಾ ಉತ್ತರಾ ಕೇಳೇನಿ," ಎಂದ ಅವನು ಪಿಸುಮಾತಿನಲ್ಲಿ.

"ಕೈಯಾಗಿನ ಸೋಡಾ ಕುಡೀರಿ ಮೊದಲ. ನಾಳಿಂದ ಕುಡ್ಯಾಕ ಟೈಮ್ ಸಿಗೂದಿಲ್ಲ. ಸೋಡಾ ತುಂಬಾಕ ನನಗೊಬ್ರು ಬೇಕಾಗ್ಯಾರ."

ಮೈಲಾರಿ ಒಂದೇ ಗುಟುಕಿಗೆ ಬಾಟ್ಲಿ ಎತ್ತಿ, ಸೋಡಾ ಮೂಗಿಗೇರಿ, ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದ. ನೀಲಾ ಬಾಯಿಗೆ ಸೆರಗು ಒತ್ತಿಕೊಳ್ಳದೆ ನಕ್ಕಳು.

ಒಳಗಿನಿಂದ ಮುದಕವ್ವನ ದನಿ ಬಂತು.

"ಅವನ ಮಾರಿ ತೊಳಸಿದ್ದು ಆತಿಲ್ಲೋ? ಆಗಿದ್ರ ನೀವಿಬ್ರೂ ಮಾರಿ ತೊಳಕೊಂಡು ಒಳಗ ಬರ್ರಿ. ರೊಟ್ಟಿ ಆರಾಕತ್ತಾವು."