ತಾನಾಗಿ ಒಣಗಿದ ಕೂದಲು

ಬೇಕರಿಯವನ ಕನ್ನಡಕದ ಸ್ಕ್ರೂ ಅಷ್ಟು ಸಲ ಸಡಿಲವಾಗಲು ಸಾಧ್ಯವೇ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಕೂರಿಸುವ ಅವಳಿಗೆ ಅದು ಗೊತ್ತಿತ್ತು. ಅವಳಿಗೆ ಗೊತ್ತಿದೆ ಅನ್ನುವುದು ಅವನಿಗೂ ಗೊತ್ತಿತ್ತು. ಆದರೂ ಬರುತ್ತಿದ್ದ, ಮುಂಗೈಗೆ ಅಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ.

“ಮತ್ತೆ ಸಡಿಲಾಯ್ತಾ?”

“ಓವನ್ ಬಿಸಿಗೆ ಆಗತ್ತೋ ಏನೋ.”

“ಬಿಸಿಗೆ ಆಗಲ್ಲ. ಸ್ಕ್ರೂಡ್ರೈವರ್‌ಗೆ ಆಗತ್ತೆ.”

ಸಿಕ್ಕಿಬಿದ್ದವನ ಹಾಗೆ ನಕ್ಕು ಅವನು ಕೌಂಟರಿಗೆ ಒರಗಿಕೊಳ್ಳುತ್ತಿದ್ದ. ಅವಳು ತಲೆ ತಗ್ಗಿಸಿ ಕೆಲಸ ಮಾಡುವಾಗ ಹೆಗಲಿಂದ ಮುಂದಕ್ಕೆ ಜಾರುವ ಕೂದಲನ್ನು ನೋಡುತ್ತಿದ್ದ. ನೀರು ಸುರಿದಷ್ಟು ನೇರ, ಒಂದೆಳೆಯೂ ಆಚೀಚೆ ಇಲ್ಲ. ಅವನ ನೋಟ ಅಲ್ಲಿ ನಿಂತಾಗೆಲ್ಲ ಅವಳು ಕೂದಲನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದಳು.

ಆ ನೇರ ಅವಳದಲ್ಲ. ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಸ್ಟ್ರೈಟ್ನರ್‌ನಲ್ಲಿ ಒತ್ತಿ ಒತ್ತಿ ತೆಗೆದದ್ದು. ಶಾಲೆಯಲ್ಲಿ ಅವಳಿಗೆ ‘ಪೊರಕೆ’ ಅಂತ ಹೆಸರಿತ್ತು. ಅಕ್ಕನ ಮದುವೆಯಲ್ಲಿ ದೊಡ್ಡಮ್ಮ, “ಇವಳನ್ನ ಫೋಟೋದಲ್ಲಿ ಹಿಂದೆ ನಿಲ್ಸಿ, ತಲೆ ಒಂದು ಕಾಣ್ಬಾರ್ದು” ಅಂದಿದ್ದರು. ಅಲ್ಲಿಂದ ಈಚೆಗೆ ಅವಳ ನಿಜವಾದ ಕೂದಲನ್ನು ಹೊರಗಿನವರು ಯಾರೂ ನೋಡಿರಲಿಲ್ಲ.

ಒಂದು ಸಂಜೆ ಅವನು ಕನ್ನಡಕ ಕೊಡಿಸಲು ಏಳು ವರ್ಷದ ಹುಡುಗಿಯನ್ನು ಕರೆತಂದ. ತೀರಿಕೊಂಡ ಅವನ ಅಕ್ಕನ ಮಗಳು, ಕೂಸಾಗಿದ್ದಾಗಿನಿಂದ ಅವನೇ ಸಾಕುತ್ತಿದ್ದ. ಆಳು ಚಿಕ್ಕದು, ಬಾಯಿ ಖಾರ. ಹಾಗಾಗಿ ಎಲ್ಲರಿಗೂ ಅದು ‘ಮೆಣಸು’. ಅದರ ತಲೆ ನೋಡಿ ಇವಳ ಕೈ ನಿಂತೇಹೋಯಿತು. ಕೆದರಿ, ಗಂಟುಗಟ್ಟಿ, ರಬ್ಬರ್ ಬ್ಯಾಂಡಿಗೂ ಬಗ್ಗದ ಗುಂಗುರು. ಎಷ್ಟೋ ವರ್ಷದಿಂದ ಅವಳು ಬಚ್ಚಿಟ್ಟುಕೊಂಡು ಬಂದದ್ದು ಅದನ್ನೇ.

“ಇವಳಿಗೆ ತಲೆ ಬಾಚೋದು ಅಂದ್ರೆ ಬೆಳ್‌ಬೆಳಗ್ಗೆ ಯುದ್ಧ,” ಅಂದ ಅವನು. “ಅವಳೂ ಅಳ್ತಾಳೆ, ನನಗೂ ಅಳು ಬರತ್ತೆ. ಬಾಚಿದಷ್ಟೂ ಉಬ್ಬತ್ತೆ.”

ಒಣಗಿದಾಗ ಬಾಚಬಾರದು, ಒದ್ದೆ ಇರುವಾಗ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬಿಡಿಸುತ್ತಾ ಮೇಲೆ ಹೋಗಬೇಕು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ನಿಮಗೆ ಹೇಗೆ ಗೊತ್ತು ಅನ್ನುತ್ತಾನೆ. ನುಂಗಿಕೊಂಡಳು.

ಹೊಸ ಕನ್ನಡಕದೊಳಗಿಂದ ಮೆಣಸು ಅವಳನ್ನೇ ನೋಡುತ್ತಿತ್ತು. “ನಿಮ್ಮ ಕೂದಲು ಯಾಕೆ ಹೀಗಿದೆ?”

“ಹುಟ್ಟಿದಾಗಿಂದ ಹೀಗೇ.”

“ಹಾಗಾದ್ರೆ ನಾನು ತಪ್ಪಾಗಿ ಹುಟ್ಟಿದೀನಿ.”

ಅವನು ನಕ್ಕ. ಅವಳೂ ನಕ್ಕಳು.

ಮುಂದಿನ ವಾರ ಮೆಣಸು ಟೋಪಿ ಹಾಕಿಕೊಂಡು ಬಂತು. ಕನ್ನಡಕದ ಕಡ್ಡಿ ಸೊಟ್ಟಗಾಗಿತ್ತು. ಸರಿಮಾಡಲು ಟೋಪಿ ತೆಗೆಸಿದರೆ, ತಲೆಯ ಒಂದು ಪಕ್ಕ ಬುಡದವರೆಗೂ ಬೋಳು, ಕಿವಿಯ ಮೇಲೆ ಪ್ಲಾಸ್ಟರ್.

“ಮೈದಾ ಚೀಲ ಕತ್ತರಿಸೋ ಕತ್ತರಿ,” ಅವನು ಮೆಲ್ಲಗೆ ಹೇಳಿದ. “ನಾನು ಓವನ್ ಹತ್ರ ಇದ್ದೆ.”

“ಹೊಸದು ನಿಮ್ಮ ಥರ ಬರಲಿ ಅಂತ,” ಮೆಣಸು ವಿವರಿಸಿತು.

ಅವಳಿಗೆ ಕಡ್ಡಿ ಹಿಡಿಯಲಾಗಲಿಲ್ಲ. ಪಕ್ಕದ ಕೆಲಸದವನ ಕೈಗೆ ಕೊಟ್ಟು ಒಳಗೆ ಹೋಗಿ, ಬಾತ್‌ರೂಮಿನ ಕನ್ನಡಿಯಲ್ಲಿ ತನ್ನ ತಲೆಯನ್ನು ನೋಡಿಕೊಂಡಳು. ನಾಚಿಕೆ ಅನ್ನುವುದು ಅವಳಿಗೆ ಹಳೆಯ ಪರಿಚಯ. ಆದರೆ ಇಂದು ಅವಳನ್ನು ನಾಚಿಸಿದ್ದು ಕೂದಲಲ್ಲ.

ಭಾನುವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬೇಕರಿಗೆ ಹೋದಳು. ಅವನು ಬನ್ನಿನ ಟ್ರೇ ಇಳಿಸುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿದ್ದು ನೋಡಿ ಅವಳಿಗೆ ಇನ್ನೂ ಕಷ್ಟವಾಯಿತು.

“ನಾನು ಸುಳ್ಳು ಹೇಳಿದೆ. ನನ್ನ ಕೂದಲು ನೇರ ಇಲ್ಲ, ಮೆಣಸಿನ ಥರಾನೇ. ಹೇಗೆ ಬಾಚ್ಬೇಕು ಅಂತಲೂ ಗೊತ್ತಿತ್ತು.”

ಅವನು ಟ್ರೇ ಕೆಳಗಿಟ್ಟ. “ನಾನು ದಿನಾ ಅವಳನ್ನ ಅಳಿಸ್ತಿದ್ದೆ. ನಿಮ್ಮ ಮುಂದೇನೇ ಹೇಳ್ದೆ.”

“ಹೂಂ.”

“ಗೊತ್ತಿದ್ದೂ ಸುಮ್ನಿದ್ರಿ.”

“ನೀವು ನನ್ನ ನೋಡೋದು ನಿಲ್ಲಿಸಿಬಿಡ್ತೀರ ಅಂತ.”

ಅವನು ಒಳಗೆ ಹೋಗಿಬಿಟ್ಟ. ಇಲ್ಲಿಗೆ ಮುಗಿಯಿತು ಅಂದುಕೊಂಡು ಅವಳು ತಿರುಗುವಷ್ಟರಲ್ಲಿ ಮೆಣಸು ಅಡ್ಡ ನಿಂತಿತ್ತು.

“ಎಲ್ಲಿ, ತೋರಿಸಿ.”

“ಯಾವ ಥರದ ಕೂದಲು ಅಂತ ಗೊತ್ತಾಗ್ಬೇಕಾದ್ರೆ ಎಣ್ಣೆ ಗಿಣ್ಣೆ ಏನೂ ಹಚ್ಚದೆ ತಾನಾಗಿ ಒಣಗೋಕೆ ಬಿಡ್ಬೇಕು. ಮುಟ್ಬಾರ್ದು.”

ಹಿತ್ತಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತರು. ಮೊದಲು ಕಿವಿಯ ಹಿಂದಿನ ಒಂದೆಳೆ ಮೆಲ್ಲಗೆ ಮೇಲೆದ್ದು ಸುತ್ತಿಕೊಂಡಿತು. ಆಮೇಲೆ ಹಣೆಯ ಮೇಲಿನವು. ಒಂದೊಂದು ಎದ್ದಾಗಲೂ ಅವಳ ಮುಖ ಬಿಸಿಯಾಯಿತು. ಮುಚ್ಚಿಕೊಳ್ಳಲು ಕೈ ಎತ್ತಿದರೆ ಮೆಣಸು ಪಟ್ಟನೆ ಹೊಡೆಯಿತು. “ಮುಟ್ಬಾರ್ದು ಅಂದ್ರಲ್ಲ.”

“ತುದಿ ಯಾಕೆ ಒಣಹುಲ್ಲಿನ ಥರ ಇದೆ?” ಮೆಣಸು ಮತ್ತೆ ಕೇಳಿತು.

“ಸುಟ್ಟಿದೀನಿ, ದಿನಾ.”

ಮೆಣಸಿನ ಉಳಿದ ಅರ್ಧ ತಲೆಯಿಂದ ಉದುರಿದ ಎಳೆಯೊಂದನ್ನು ಅವಳು ಪೆನ್ಸಿಲ್ ಪಕ್ಕ ಹಿಡಿದಳು. ಸುರುಳಿ ಅದರ ಗಾತ್ರಕ್ಕೆ ಸರಿಯಾಗಿ ಕೂತಿತು. ಅವಳದು ಹೆಬ್ಬೆರಳಿನ ಗಾತ್ರ. ಎರಡೆಳೆಯನ್ನೂ ಬಿಳಿ ಕಾಗದದ ಮೇಲಿಟ್ಟಳು. “ನೋಡು, ನಿಂದು ಸಣ್ಣ ಗುಂಗುರು, ಎಳೆ ತುಂಬ ತೆಳು. ಅದಕ್ಕೇ ಬೇಗ ಗಂಟಾಗತ್ತೆ. ನಂದು ದೊಡ್ಡ ಗುಂಗುರು, ಎಳೆ ದಪ್ಪ.”

“ನಂದೇ ಜಾಸ್ತಿ ಗುಂಗುರು,” ಮೆಣಸು ಗೆದ್ದವರ ಹಾಗೆ ಹೇಳಿತು.

ಹಿಂದೆ ಬಾಗಿಲಲ್ಲಿ ಅವನು ಯಾವಾಗ ಬಂದು ನಿಂತನೋ. ಅವಳು ಹಿಂದೆ ತಿರುಗಿ ನೋಡಲಿಲ್ಲ. ಅವಳ ತಲೆ ಅಷ್ಟಗಲ ಹರಡಿಕೊಂಡಿತ್ತು.

“ಕೋಪ ಇನ್ನೂ ಇದೆ,” ಅಂದ.

“ಇರ್ಲಿ.”

“ನೋಡೋದು ನಿಲ್ಲಿಸೋಕೆ ಪ್ರಯತ್ನ ಮಾಡ್ದೆ, ಒಳಗೆ ಕೂತು. ಆಗ್ಲಿಲ್ಲ.” ಅವನು ಮೇಲಿನ ಮೆಟ್ಟಿಲಿನಲ್ಲಿ ಕೂತ. “ಬಾಚೋದು ಕಲಿಸಿ. ಅವಳ ತಲೆ ಮೇಲೆ ಪ್ರಯೋಗ ಸಾಕು, ಅರ್ಧ ಈಗಾಗ್ಲೇ ಹೋಗಿದೆ.”

ಬ್ಯಾಗಿನಿಂದ ಅಗಲ ಹಲ್ಲಿನ ಬಾಚಣಿಗೆ ತೆಗೆದು ಅವಳು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ಮೆಣಸು ಚೊಂಬಿನಲ್ಲಿ ನೀರು ತಂದು ಅವಳ ತಲೆಗೆ ಸುರಿಯಿತು, ಬೇಕಾದ್ದಕ್ಕಿಂತ ಹೆಚ್ಚೇ. ಹಿಟ್ಟು ನಾದಿ ನಾದಿ ಪಳಗಿದ ಬೆರಳುಗಳು ಒದ್ದೆ ಕೂದಲಿನೊಳಗೆ ಅಳುಕುತ್ತಾ ಇಳಿದವು.

“ತುದಿಯಿಂದ, ಮಾವ.”

“ಸರಿ ಸರಿ. ನೋವಾಗ್ತಿದ್ಯಾ?”

“ಇಲ್ಲ,” ಅಂದಳು ಅವಳು.

ಮೆಣಸು ಅವಳ ಮುಖದ ಮುಂದೆ ಬಗ್ಗಿ ನೋಡಿತು. “ಅಳ್ತಿದಾರೆ, ಮಾವ.”

ಬಾಚಣಿಗೆ ನಿಂತಿತು.

“ನಿಲ್ಲಿಸ್ಬೇಡಿ,” ಅಂದಳು.