ನಾಲ್ಕು ಬೆರಳಿನ ತುಂಡು

“ಒಂದು ಕಡೆ ನಿಂತ್ಕೊಳೇ. ನಿನ್ನ ನೋಡಿದ್ರೆ ನಂಗೇ ತಲೆ ತಿರುಗುತ್ತೆ,” ಅಂದಳು ಅತ್ತೆ.

ಆದರೆ ಮಿಡತೆಗೆ ನಿಲ್ಲಲು ಆಗುತ್ತಿರಲಿಲ್ಲ. ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುತ್ತಲೇ ಇದ್ದಳು. ಬೆನ್ನಿನ ಮೇಲಿನ ಸ್ಕೂಲ್ ಬ್ಯಾಗಿನೊಳಗೆ ಜಾಮಿಟ್ರಿ ಬಾಕ್ಸು ಗಲಗಲ ಅನ್ನುತ್ತಿತ್ತು. ಮನೆಯವರೆಲ್ಲ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದದ್ದೇ ಈ ಕುಣಿತಕ್ಕೆ. ಇವತ್ತಿನ ಕುಣಿತ ಮಾತ್ರ ಖುಷಿಯದಲ್ಲ.

ಅದು ಹಳೆಯ ಯಂತ್ರಗಳನ್ನು ಮಾರುವ ಅಂಗಡಿಯ ಹಿಂದಿನ ಅಂಗಳ. ಎಲ್ಲಿ ನೋಡಿದರೂ ಗ್ರೀಸಿನ ವಾಸನೆ, ಗಾಳಿ ಹೋದ ಟೈರುಗಳು, ತುಕ್ಕು ಹಿಡಿದ ಸರಪಳಿಗಳು. ನಡುವೆ ಎರಡು ಪಟ್ಟಿ ಯಂತ್ರಗಳು ನಿಂತಿದ್ದವು. ಒಂದು ನೀಲಿ, ಒಂದು ಕೆಂಪು. ಅಪ್ಪ ಒಂದರಿಂದ ಇನ್ನೊಂದಕ್ಕೆ ಓಡಾಡಿ ಬಗ್ಗಿ ಬಗ್ಗಿ ನೋಡುತ್ತಿದ್ದ.

ಪಟ್ಟಿ ಯಂತ್ರವೆಂದರೆ ಏನೆಂದು ಅಪ್ಪ ಒಂದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಹೇಳಿದ್ದ. ಇಡೀ ಹೊಲವನ್ನು ಉಳುವುದು ಬೇಡ. ಬೀಜ ಬೀಳುವ ಕಡೆ ಮಾತ್ರ ಒಂದು ಗೇಣು ಅಗಲದ ಪಟ್ಟಿಯನ್ನು ಸಡಿಲ ಮಾಡಿದರೆ ಸಾಕು. ನಡುವಿನ ಜಾಗದಲ್ಲಿ ಹೋದ ವರ್ಷದ ಮೆಕ್ಕೆಜೋಳದ ಕೂಳೆ ಹಾಗೇ ಇರುತ್ತದೆ, ಗಾಳಿಗೆ ಮಣ್ಣು ಹಾರುವುದಿಲ್ಲ, ಡೀಸೆಲ್ಲೂ ಉಳಿಯುತ್ತದೆ. ಆದರೆ ಒಂದು ಷರತ್ತು. ಯಂತ್ರ ಮಾಡುವ ಪಟ್ಟಿಗಳ ಮೇಲೇ ಬಿತ್ತನೆ ಯಂತ್ರದ ಬೀಜ ಬೀಳಬೇಕು. ಅಂದರೆ ಎರಡು ಯಂತ್ರಗಳ ಸಾಲಿನ ಅಂತರವೂ ಒಂದೇ ಇರಬೇಕು.

ಅದಕ್ಕೇ ಅಪ್ಪ ಸಾಲುಕೋಲು ತಂದಿದ್ದ.

ಸಾಲುಕೋಲು ಅಜ್ಜನದು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಎಷ್ಟು ದೂರವೋ ಅಷ್ಟೇ ಉದ್ದದ ಗಟ್ಟಿ ಮರದ ಕೋಲು. ಅವರ ಬಿತ್ತನೆ ಯಂತ್ರವನ್ನು ಜೋಡಿಸಿದ್ದೂ ಅದರಿಂದಲೇ. ಟೇಪು ಹಿಗ್ಗುತ್ತದೆ, ಮಡಚಿಕೊಳ್ಳುತ್ತದೆ, ಕೋಲು ಹಾಗಲ್ಲ ಎಂಬುದು ಅಜ್ಜನ ವಾದ. ವರ್ಷಕ್ಕೊಮ್ಮೆ ಬಿತ್ತನೆಯ ಹೊತ್ತಿಗೆ ಅದನ್ನು ಕೆಳಗಿಳಿಸುತ್ತಿದ್ದರು. ಉಳಿದ ದಿನಗಳಲ್ಲಿ ಅದು ಶೆಡ್ಡಿನ ಬಾಗಿಲ ಮೇಲಿನ ಎರಡು ಮೊಳೆಗಳ ಮೇಲೆ ನಿದ್ದೆ ಮಾಡುತ್ತಿತ್ತು.

ಹನ್ನೊಂದು ದಿನದ ಹಿಂದೆ ಅದನ್ನು ಎಬ್ಬಿಸಿದವಳು ಮಿಡತೆ. ಚೆಂಡು ನೀರಿನ ತೊಟ್ಟಿಯ ಕೆಳಗೆ ಸಿಕ್ಕಿಕೊಂಡಿತ್ತು. ಕೋಲು ತೂರಿಸಿ ಮೀಟಿದಳು. ಚೆಂಡು ಬಂತು, ಜೊತೆಗೆ ಟಪ್ ಎಂಬ ಸದ್ದೂ ಬಂತು. ಕೋಲಿನ ತುದಿ ನಾಲ್ಕು ಬೆರಳಿನಷ್ಟು ಮುರಿದು ಬಿದ್ದಿತ್ತು.

ಅವಳು ಕೋಲಿನ ತುದಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದಳು. ಹೊಸದಾಗಿ ಕಾಣಬಾರದೆಂದು ಮಣ್ಣು ಬಳಿದಳು. ಮತ್ತೆ ಮೊಳೆಗಳ ಮೇಲಿಟ್ಟಳು. ಮುರಿದ ತುಂಡನ್ನು ಎಸೆಯಲು ಮನಸ್ಸು ಬರಲಿಲ್ಲ, ಯಾರಿಗಾದರೂ ತೋರಿಸಲು ಧೈರ್ಯ ಬರಲಿಲ್ಲ. ಅದು ಜಾಮಿಟ್ರಿ ಬಾಕ್ಸು ಸೇರಿತು.

ಈಗ ಅಪ್ಪ ಕೆಂಪು ಯಂತ್ರದ, ನೆಲ ಸೀಳುವ ಎರಡು ಗುಳಗಳ ನಡುವೆ ಕೋಲು ಹಿಡಿದ. ಕೋಲು ಸಾಲಲಿಲ್ಲ. ನಾಲ್ಕು ಬೆರಳು ಕಡಿಮೆ ಬಿತ್ತು.

“ಇದಾಗಲ್ಲ,” ಅಂದ.

ನೀಲಿಯ ಹತ್ತಿರ ಹೋಗಿ ಹಿಡಿದ. ಕೋಲು ಕರೆಕ್ಟಾಗಿ ಕೂತಿತು.

ಅಪ್ಪನ ಮುಖ ಅರಳಿತು. ಅತ್ತೆ ಅಂತೂ ನಕ್ಕೇಬಿಟ್ಟಳು. ನಗದೆ ಇರುತ್ತಾಳೆಯೇ? ಅವಳ ಚೀಲದಲ್ಲಿ ನೋಟಿನ ಮೂರು ಕಟ್ಟುಗಳಿದ್ದವು. ಹಳೆಯ ದೊಡ್ಡ ನೇಗಿಲನ್ನು ಮಾರಿ ಬಂದದ್ದು ಒಂದು ಕಟ್ಟು. ಉಳಿದೆರಡು ಅವಳ ಸ್ವಂತದ್ದು, ಧಾನ್ಯದ ಗೋದಾಮಿನಲ್ಲಿ ತೂಕದ ಕೆಲಸ ಮಾಡಿ ಮೂರು ವರ್ಷ ಕೂಡಿಟ್ಟದ್ದು. ನೀಲಿ ಯಂತ್ರಕ್ಕೆ ಎರಡು ಕಟ್ಟು, ಕೆಂಪಿಗೆ ಮೂರು. ನೀಲಿ ಕೊಂಡರೆ ಒಂದು ಕಟ್ಟು ಉಳಿಯುತ್ತದೆ. ಆ ಒಂದು ಕಟ್ಟೆಂದರೆ ಸ್ಕೂಟರು.

ಸ್ಕೂಟರಿನ ಹಿಂದಿನ ಸೀಟು ಮಿಡತೆಗೆಂದು ಆಗಲೇ ಗೊತ್ತಾಗಿತ್ತು. ಬೆಳಿಗ್ಗೆ ಅತ್ತೆ ಅವಳನ್ನು ಸ್ಕೂಲಿಗೆ ಬಿಟ್ಟು ಗೋದಾಮಿಗೆ ಹೋಗುವುದು. ಇನ್ನು ಬಸ್ಸಿಗೆ ಓಡುವುದಿಲ್ಲ, ಕಂಡಕ್ಟರ್ ಕೈಲಿ ಬೈಸಿಕೊಳ್ಳುವುದಿಲ್ಲ, ದೊಡ್ಡವರ ಮೊಣಕೈಗಳ ನಡುವೆ ನಿಲ್ಲುವುದಿಲ್ಲ. ಯಾವ ಬಣ್ಣ ಎಂದು ಇಬ್ಬರೂ ಜಗಳ ಕೂಡ ಆಡಿ ಮುಗಿಸಿದ್ದರು.

ನೀಲಿ ಯಂತ್ರ ಬಂದರೆ ಸ್ಕೂಟರೂ ಬರುತ್ತದೆ. ಸುಮ್ಮನಿದ್ದರೆ ಸಾಕು.

ಅಂಗಡಿಯವರು ಕೈ ಒರೆಸಿಕೊಳ್ಳುತ್ತ ಬಂದರು. ಎರಡರಲ್ಲೂ ಗುಳಗಳನ್ನು ಚೌಕಟ್ಟಿಗೆ ವೆಲ್ಡ್ ಮಾಡಿಬಿಟ್ಟಿದೆ, ಆಮೇಲೆ ಹತ್ತಿರ ದೂರ ಸರಿಸಲು ಬರುವುದಿಲ್ಲ ಎಂದು ಮೊದಲೇ ಹೇಳಿದರು. ಕೊಂಡ ಮೇಲೆ ವಾಪಸ್ಸಿಲ್ಲ ಎಂದೂ ಹೇಳಿದರು. ಬೇಕಿದ್ದರೆ ಮನೆಗೆ ಫೋನ್ ಮಾಡಿ, ಬಿತ್ತನೆ ಯಂತ್ರವನ್ನು ಟೇಪಿನಲ್ಲಿ ಒಂದು ಸಲ ಅಳೆಸಿಕೊಳ್ಳಿ ಅಂದರು.

“ಬೇಡ ಬಿಡಿ,” ಅಂದಳು ಅತ್ತೆ. “ಕೋಲೇ ಹೇಳ್ತಲ್ಲ.”

ಅಪ್ಪನೂ ತಲೆಯಾಡಿಸಿದ. ಅತ್ತೆ ಚೀಲದ ಜಿಪ್ಪು ಎಳೆದಳು.

ಬೇಡವೆಂದರೂ ಮಿಡತೆಯ ತಲೆ ಲೆಕ್ಕ ಹಾಕತೊಡಗಿತು. ನಾಲ್ಕು ಸಾಲಿನ ಯಂತ್ರ. ಮೊದಲನೇ ಸಾಲಿನಲ್ಲಿ ಬೀಜ ಪಟ್ಟಿಯ ಮೇಲೇ ಬಿತ್ತು ಅಂತಿಟ್ಟುಕೊಳ್ಳೋಣ. ಎರಡನೇ ಸಾಲಿಗೆ ನಾಲ್ಕು ಬೆರಳು ತಪ್ಪುತ್ತದೆ. ಮೂರನೇ ಸಾಲಿಗೆ ಎಂಟು. ನಾಲ್ಕನೇ ಸಾಲಿಗೆ ಹನ್ನೆರಡು. ಹನ್ನೆರಡು ಬೆರಳೆಂದರೆ ಒಂದು ಗೇಣು. ಬೀಜ ಪಟ್ಟಿಯಿಂದಾಚೆ, ಉಳದ ಗಟ್ಟಿ ನೆಲದಲ್ಲಿ, ಕೂಳೆಗಳ ನಡುವೆ ಬೀಳುತ್ತದೆ. ಅಪ್ಪ ದೊಡ್ಡ ನೇಗಿಲನ್ನೂ ಮಾರಿಬಿಟ್ಟಿದ್ದಾನೆ. ಈ ಸಲ ಹೊಲ ಎಲ್ಲಿಂದ ಹಸಿರಾಗಬೇಕು?

ಹಿಂದಿನ ಸೀಟು ಒಮ್ಮೆ ಕಣ್ಣ ಮುಂದೆ ಬಂತು. ಅವಳಿಗೆ ಅಳು ಬಂತು. ಹೇಳಬೇಕಲ್ಲ ಎಂದು ಭಯವಾಯಿತು, ಹೇಳದೇ ಇದ್ದರೆ ಎಂದು ಇನ್ನೂ ಹೆಚ್ಚು ಭಯವಾಯಿತು. ಕಾಲು ಸುಟ್ಟ ಬೆಕ್ಕಿನ ಹಾಗೆ ಎರಡು ಯಂತ್ರಗಳ ನಡುವೆ ಓಡಾಡಿದಳು.

ಅತ್ತೆ ಒಂದು ಕಟ್ಟು ಹೊರಗೆ ತೆಗೆದಳು. ಎರಡನೆಯದಕ್ಕೆ ಕೈ ಹಾಕಿದಳು.

“ಅತ್ತೆ, ಕೊಡ್ಬೇಡ. ಕೋಲು ಗಿಡ್ಡ ಆಗಿದೆ.”

ಅಪ್ಪ ನಕ್ಕ. “ನೀನು ಉದ್ದ ಆಗಿದ್ದೀಯ. ಕೋಲು ಎಲ್ಲಾದ್ರೂ ಗಿಡ್ಡ ಆಗುತ್ತಾ?”

ಮಿಡತೆ ಬ್ಯಾಗು ಕೆಳಗಿಳಿಸಿ ಜಾಮಿಟ್ರಿ ಬಾಕ್ಸು ತೆಗೆದಳು. ಅವಸರಕ್ಕೆ ಕೈವಾರ, ರಬ್ಬರು, ಪೆನ್ಸಿಲ್ಲುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವುಗಳ ನಡುವಿನಿಂದ ಮರದ ತುಂಡನ್ನು ಎತ್ತಿಕೊಂಡು, ಕೋಲಿನ ತುದಿಗೆ ಒತ್ತಿ ಹಿಡಿದಳು. ಉಜ್ಜಿ ಸವೆಸಿದ್ದರಿಂದ ನಡುವೆ ಕೂದಲೆಳೆಯಷ್ಟು ಸಂದು ಇತ್ತು. ಆದರೂ ಅದು ಅದರದೇ ತುಂಡೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅಪ್ಪನ ನಗು ನಿಂತುಹೋಯಿತು.

ಹನ್ನೊಂದು ದಿನದ ಕತೆಯನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಚೆಂಡು, ತೊಟ್ಟಿ, ಕಲ್ಲು, ಮಣ್ಣು, ಎಲ್ಲವೂ ಹಿಂದುಮುಂದಾಗಿ ಬಂದವು. ಅಪ್ಪ ಬೈಯಲಿಲ್ಲ. ಫೋನ್ ತೆಗೆದು ಮನೆಗೆ ಮಾಡಿದ. ಅಮ್ಮ ಹೊಲಿಗೆಯ ಟೇಪು ಹಿಡಿದು ಬಿತ್ತನೆ ಯಂತ್ರವನ್ನು ಅಳೆದು ಸಂಖ್ಯೆ ಹೇಳಿದಳು. ಅಂಗಡಿಯವರು ತಮ್ಮ ಟೇಪನ್ನು ಮೊದಲು ನೀಲಿಗೆ ಹಿಡಿದು ತಲೆ ಅಲ್ಲಾಡಿಸಿದರು. ಆಮೇಲೆ ಕೆಂಪಿಗೆ ಹಿಡಿದರು.

“ಇದೇ ನಿಮ್ದು,” ಅಂದರು.

ಅತ್ತೆ ಸ್ವಲ್ಪ ಹೊತ್ತು ಚೀಲದೊಳಗೇ ನೋಡುತ್ತ ನಿಂತಳು. ಆಮೇಲೆ ಎರಡನೇ ಕಟ್ಟು ತೆಗೆದಳು, ಮೂರನೆಯದನ್ನೂ ತೆಗೆದಳು. ಖಾಲಿ ಚೀಲದ ಜಿಪ್ಪು ಹಾಕಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ ಮುಖ ಆಚೆ ತಿರುಗಿಸಿಕೊಂಡೇ ಕೂತಿದ್ದಳು. ಸ್ಕೂಟರು ಕಸಿದುಕೊಂಡವಳು ನಾನೇ, ಅದಕ್ಕೇ ಕೋಪ ಎಂದು ಮಿಡತೆ ಅಂದುಕೊಂಡಳು. ಅಜ್ಜ ತುಂಡಿಗೆ ತಂತಿ ಸುತ್ತಿ ಕೋಲಿಗೆ ಸೇರಿಸಿದ. ಎರಡು ದಿನ ಅವಳ ಜೊತೆ ಮಾತು ಬಿಟ್ಟ, ಮೂರನೇ ದಿನ ತಾನೇ ಮರೆತು ಮಾತಾಡಿದ. ಅತ್ತೆ ಮಾತಾಡುತ್ತಿದ್ದಳು, ಆದರೆ ಸ್ಕೂಟರಿನ ಮಾತು ಎತ್ತಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮೂರು ವಾರ ಕಳೆದ ಮೇಲೆ ಬಿತ್ತನೆ ಆಯಿತು. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟ ಮಿಡತೆ ದಾರಿ ಬಿಟ್ಟು ಹೊಲಕ್ಕಿಳಿದಳು. ನಾಲ್ಕನೇ ಸಾಲಿನ ಪಕ್ಕ ಮಂಡಿಯೂರಿ ಮೆಲ್ಲಗೆ ಮಣ್ಣು ಕೆದಕಿದಳು. ಬೀಜ ಸಿಕ್ಕಿತು. ಅದರ ಆಚೆ ಈಚೆ ಬೆರಳಿಟ್ಟು ಎಣಿಸಿದಳು. ಈ ಕಡೆ ಆರು, ಆ ಕಡೆ ಆರು. ಬೀಜ ಪಟ್ಟಿಯ ಸರಿಮಧ್ಯದಲ್ಲಿ ಕೂತಿತ್ತು.

“ಸರಿ ಇದೆಯಾ?”

ಹಿಂದೆ ಅತ್ತೆ ನಿಂತಿದ್ದಳು, ಗೋದಾಮಿಗೆ ಹೋಗುವ ಬಟ್ಟೆಯಲ್ಲಿ, ಊಟದ ಡಬ್ಬಿ ಹಿಡಿದು.

“ಸರಿ ಇದೆ,” ಅಂದಳು ಮಿಡತೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು. “ನನ್ಮೇಲೆ ಇನ್ನೂ ಕೋಪ ಇದೆಯಾ?”

ಅತ್ತೆ ಬದುವಿನ ಮೇಲೆ ಡಬ್ಬಿ ಇಟ್ಟಳು. “ನಾನು ಗೋದಾಮಲ್ಲಿ ಒಂದು ಮೂಟೆನೂ ಎರಡು ಸಲ ತೂಗದೆ ಬಿಡಲ್ಲ. ಅವತ್ತು ಅಂಗಡಿಯವ್ರು ಮನೆಗೆ ಫೋನ್ ಮಾಡಿ ಅಂದ್ರೆ ಬೇಡ ಅಂದೆ. ಯಾಕೆ ಅಂತ ಗೊತ್ತಾ?”

ಮಿಡತೆ ಗೊತ್ತಿಲ್ಲವೆಂದು ತಲೆಯಾಡಿಸಿದಳು.

“ಅಳೆದ್ರೆ ನೀಲಿ ತಪ್ಪು ಅಂತ ಬಂದ್ಬಿಟ್ರೆ ಅಂತ ಹೆದರಿಕೆ ಇತ್ತು. ನಂಗೂ ಸ್ಕೂಟರ್ ಬೇಕಿತ್ತಲ್ಲ.”

ಮಿಡತೆ ಅತ್ತೆಯ ಮುಖ ನೋಡಿದಳು. ಇಷ್ಟು ದಿನವೂ ಆ ಅಂಗಳದಲ್ಲಿ ಚಡಪಡಿಸುತ್ತಿದ್ದವಳು ತಾನೊಬ್ಬಳೇ ಅಂದುಕೊಂಡಿದ್ದಳು. ಅತ್ತೆ ಕುಣಿಯದೆ ನಿಂತಿದ್ದಳು, ಅಷ್ಟೇ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮಿಡತೆ ಬೀಜದ ಮೇಲೆ ಮಣ್ಣು ಮುಚ್ಚಿ ಏಳಲು ಹೋದಳು. ಅತ್ತೆ ಅವಳ ಭುಜದ ಮೇಲೆ ಕೈಯಿಟ್ಟು, ಬಟ್ಟೆ ಕೊಳೆಯಾಗುವುದನ್ನೂ ನೋಡದೆ ಪಕ್ಕದಲ್ಲೇ ಮಂಡಿಯೂರಿದಳು.

“ಬಸ್ಸು ಇನ್ನೂ ತಿರುವಿನಲ್ಲಿದೆ,” ಅಂದಳು. “ಮೊದಲನೇ ಸಾಲೂ ಒಂದ್ಸಲ ನೋಡ್ಬಿಡೋಣ.”

ಇಬ್ಬರೂ ಮಣ್ಣು ಕೆದಕಿದರು. ಮಿಡತೆ ತನ್ನ ಪುಟ್ಟ ಗೇಣು ಇಟ್ಟಳು, ಅದರ ಪಕ್ಕದಲ್ಲಿ ಅತ್ತೆ ತನ್ನ ಗೇಣು ಇಟ್ಟಳು.