ಕೆಂಪು ನೂಲಿನ ಅಂಗಿ

ಬಹಳ ಹಿಂದೆ, ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ, ದೊರೆಗಿಂತ ಮೊದಲು ಮಂಜು ಏಳುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿ ಮನೆಗೊಂದು ಒಲೆ, ಒಲೆಗೊಬ್ಬ ಬ್ರೌನಿ. ಬ್ರೌನಿ ಎಂದರೆ ಮೊಣಕಾಲೆತ್ತರದ, ಮೈತುಂಬ ಕೂದಲಿನ ಮನೆಭೂತ. ಬಟ್ಟಲು ಕೆನೆ ಇಟ್ಟರೆ ಸಾಕು, ಮಜ್ಜಿಗೆ ಕಡೆದು, ಕಸ ಗುಡಿಸಿ ತನ್ನ ಮೂಲೆ ಸೇರುತ್ತಿದ್ದ. ಬಟ್ಟೆ ಮಾತ್ರ ಕೊಡಬಾರದು. ಕೊಟ್ಟರೆ ಮನೆ ಬಿಟ್ಟು ಹೊರಡು ಎಂದಂತೆ.

ಇಶ್‌ಬೆಲ್ ಎಂಬ ಎಳೆಯ ತಾಯಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಚಳಿಗಾಲ ತನ್ನ ಬ್ರೌನಿ ಗಡಗಡ ನಡುಗುವುದನ್ನು ಕಂಡು ಕರುಳು ಚುರುಕ್ಕೆಂದಿತು. ಅಂಗಿ ಹೊಲಿದಳು. ನೂಲು ಸಾಲದೆ, ಅಜ್ಜಿ ಮಂತ್ರಿಸಿ ನೂತಿದ್ದ ಕೆಂಪು ನೂಲನ್ನೂ ತೆಗೆದಳು. ಮಾಟ ತಾಗದಿರಲೆಂದು ಹಸುವಿನ ಬಾಲಕ್ಕೆ ರೋವನ್ ಮರದ ಕಡ್ಡಿ ಕಟ್ಟುತ್ತಿದ್ದುದು ಅದೇ ನೂಲಿನಿಂದ; ಈಗ ಹಸುವಿಗೆ ಆ ಕಾವಲು ತಪ್ಪಿತು. ಬ್ರೌನಿ ಅಂಗಿ ತೊಟ್ಟು, ಗೊಳೋ ಎಂದು ಅತ್ತು, ಗುಡ್ಡ ಹತ್ತಿ ಹೋದ.

ಮೇ ತಿಂಗಳ ಮೊದಲ ಬೆಳಗ್ಗೆ ಮಾಟಗಾತಿ ಗ್ರಿಜೆಲ್ ಮೊಲವಾಗಿ ಬಂದಳು. ಕೂದಲಿನ ಹಗ್ಗವೊಂದನ್ನು ಇಬ್ಬನಿಯ ಮೇಲೆ ಎಳೆದುಕೊಂಡು ಹೋದಳು. ಇಶ್‌ಬೆಲಳ ಹಸುವಿನ ಹಾಲೆಲ್ಲ ಆ ಹಗ್ಗ ಹಿಡಿದು ಅವಳ ಮನೆಗೆ ಹರಿಯಿತು. ಆ ಹಾಲನ್ನೇ ನಂಬಿದ್ದ ಇಶ್‌ಬೆಲಳ ಕೂಸು ಹಸಿದು ಬಾಡಿತು. ಇಶ್‌ಬೆಲ್ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ನೂಲು ಹುಡುಕಿಕೊಂಡು ಹೊರಟಳು.

ಮೊದಲು ಸಿಕ್ಕಿದ್ದು ಸರೋವರ. ದಡದಲ್ಲೊಂದು ಬಿಳಿ ಕುದುರೆ.

"ಹತ್ತು ತಂಗಿ, ಗುಡ್ಡಕ್ಕೆ ಬಿಡ್ತೀನಿ" ಎಂದಿತು.

ಅದರ ಕೇಸರದಲ್ಲಿ ಪಾಚಿಯಿತ್ತು. ಕುದುರೆಯ ವೇಷದ ನೀರುಭೂತ! ಮುಟ್ಟಿದವರು ಅಂಟಿಕೊಂಡು ಮುಳುಗುತ್ತಾರೆ.

"ನನಗೆ ಕಾಲಿದೆಯಣ್ಣ" ಎಂದು ಇಶ್‌ಬೆಲ್ ನಡೆದಳು.

ಆಮೇಲೆ ಹೊಳೆ. ಅಲ್ಲೊಬ್ಬ ಹೆಣ್ಣುಭೂತ ಬಟ್ಟೆ ಒಗೆಯುತ್ತಿದ್ದಳು. ಅವಳು ಯಾರ ಬಟ್ಟೆಯನ್ನು ಮೂರು ಸಲ ಒಗೆದಳೋ ಅವರ ಆಯುಸ್ಸು ಮುಗಿದಂತೆ. ಕೈಯಲ್ಲಿದ್ದದ್ದು ಇಶ್‌ಬೆಲಳ ಕೂಸಿನ ಕುಲಾವಿ.

"ಎರಡು ಸಲ ಆಯ್ತು" ಎಂದಳು ಭೂತ.

ಇಶ್‌ಬೆಲ್ ಹತ್ತಿರ ಹೋದಳು. ಅವಳ ಪಕ್ಕದಲ್ಲೇ ಕೂತಳು. "ಸಾಕಕ್ಕಾ, ನಿನ್ನ ಕೈ ಸೆಟೆದು ಹೋಗಿದೆ. ಇದನ್ನು ನಾನೇ ಹಿಂಡ್ತೀನಿ, ಕೊಡು."

ನೂರು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಭೂತ ಮೂರನೆಯ ಸಲ ಒಗೆಯದೆ ಕುಲಾವಿ ಕೊಟ್ಟು ಕಣ್ಣೊರೆಸಿಕೊಂಡಳು.

ಗುಡ್ಡದ ನೆತ್ತಿಯಲ್ಲಿ ಬ್ರೌನಿ ಅಂಗಿಯ ತೋಳು ಸವರುತ್ತಾ ಕೂತಿದ್ದ.

"ಹೊರಡು ಅಂತ ಅಂಗಿ ಕೊಟ್ಟೆಯಲ್ಲ ತಾಯಿ."

"ಇಲ್ಲ ಅಜ್ಜಾ, ಚಳಿ ಅಂತ ಕೊಟ್ಟೆ. ಈಗ ನಾನೇ ಅದರ ನೂಲು ಬಿಚ್ಚಬೇಕಾಗಿದೆ. ಮಗು ಹಸಿದಿದೆ."

ಮುನ್ನೂರು ವರ್ಷಕ್ಕೆ ಸಿಕ್ಕ ಒಂದೇ ಅಂಗಿ. ಬ್ರೌನಿ ಅದನ್ನೊಮ್ಮೆ ಮೂಸಿದ, ಒಮ್ಮೆ ತಬ್ಬಿಕೊಂಡ, ಆಮೇಲೆ ತಾನೇ ಹೊಲಿಗೆ ಬಿಚ್ಚತೊಡಗಿದ.

ನೂಲು ಹಸುವಿನ ಬಾಲಕ್ಕೆ ಬಿದ್ದದ್ದೇ ಗ್ರಿಜೆಲಳ ಹಗ್ಗ ಸುಟ್ಟು ಬೂದಿಯಾಯಿತು. ಮೊಲವಾಗಿದ್ದವಳು ಮೊಲವಾಗಿಯೇ ಉಳಿದು, ಹುಲ್ಲು ತಿಂದುಕೊಂಡು ಕಾಲ ಹಾಕಿದಳು. ಹಾಲು ನೊರೆನೊರೆಯಾಗಿ ಇಳಿಯಿತು, ಕೂಸು ಕುಡಿದು ತೇಗಿತು.

ಬ್ರೌನಿ ಹೊಸ್ತಿಲಲ್ಲೇ ನಿಂತಿದ್ದ. ಮೈಮೇಲೆ ಈಗ ಬಟ್ಟೆಯಿರಲಿಲ್ಲ. ಬಟ್ಟೆಯಿಲ್ಲದ ಬ್ರೌನಿಗೆ ಹೊರಡು ಎಂದವರೂ ಇಲ್ಲ! ಇಶ್‌ಬೆಲ್ ಬಟ್ಟಲು ಕೆನೆ ಇಟ್ಟಳು. ಅವನು ಒಳಗೆ ಬಂದ.

ಮರುವರ್ಷ ಚಳಿ ಬಂದಾಗ ಅವಳು ಸೂಜಿ ಮುಟ್ಟಲಿಲ್ಲ. ಒಲೆಗೆ ಇನ್ನೊಂದು ಕೊರಡು ಹಾಕಿ, ಅವನ ಮೂಲೆಯನ್ನು ಒಲೆಯ ಪಕ್ಕಕ್ಕೇ ತಂದಳು. ಅವರು ಅಲ್ಲಿ ಬೆಚ್ಚಗಿದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೇವೆ.